ಅರವತ್ತರ ಗೆರೆ ಮತ್ತು ಡೊಂಬಿವಲಿಯ ಧೂಳು

2009ರ ಡಿಸೆಂಬರಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಅಂಕ ಹಾಕಿತು. 70 ದಾಟಿದ ಊರು ‘ತೀವ್ರ ಕಲುಷಿತ’. ಮುಂಬೈ ಬಳಿಯ ಡೊಂಬಿವಲಿಗೆ 78.41, ನವಿ ಮುಂಬೈಗೆ 73.77 ಬಂತು. ಗಾಳಿ, ನೀರು, ನೆಲ ಮೂರನ್ನೂ ಕೂಡಿಸಿ ಕೊಟ್ಟ ಅಂಕ ಅದು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳ ಆಸುಪಾಸಿನಲ್ಲಿ ಬಾಳುವ ಮರಾಠಿ, ಕನ್ನಡ, ತುಳು ಮನೆಗಳವರಿಗೆ ಬೇಕಾಗಿರುವುದು ಇನ್ನೂ ನೇರವಾದ ಉತ್ತರ: ನಾವು ಉಸಿರಾಡುವ ಗಾಳಿ ಕಾನೂನಿನ ಮಿತಿಯೊಳಗಿದೆಯೇ, ಇಲ್ಲವೇ?

ಮಿತಿ ಬರೆದಿಟ್ಟಿದೆ. ಅದೇ ವರ್ಷದ ನವೆಂಬರ್ 18ರಂದು ಹೊರಟ ರಾಷ್ಟ್ರೀಯ ಗಾಳಿ ಗುಣಮಟ್ಟದ ಅಧಿಸೂಚನೆಯ ಪ್ರಕಾರ, ಪಿಎಂ10 ಎಂಬ ಧೂಳು, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ದಪ್ಪವಿಲ್ಲದ ಕಣಗಳು, ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿಗೆ 60 ಮೈಕ್ರೋಗ್ರಾಂ ದಾಟಬಾರದು. ಯಾವುದೇ ಒಂದು ದಿನದ ಮಿತಿ 100. ಅಳೆಯುವ ಹಳೆಯ, ನಂಬಿಕೆಯ ವಿಧಾನವೂ ಸರಳ: ಯಂತ್ರವೊಂದು ಗಾಳಿಯನ್ನು ಸೋಸುಕಾಗದದ ಮೂಲಕ ಎಳೆಯುತ್ತದೆ, ಕಾಗದದ ತೂಕ ಮೊದಲೆಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ನೋಡಿ, ಸಾಗಿಹೋದ ಗಾಳಿಯ ಪ್ರಮಾಣದಿಂದ ಭಾಗಿಸುತ್ತಾರೆ.

ತೊಡಕಿರುವುದು ಮುಂದೆ. ಧೂಳು ದಿನದಿಂದ ದಿನಕ್ಕೆ ಬದಲಾಗುತ್ತದೆ. ಇಂದು 45 ಇದ್ದರೆ ನಾಳೆ 95. ಕೆಲವೇ ದಿನ ಅಳೆದು ಸರಾಸರಿ 72 ಬಂದರೆ, ಊರಿನ ನಿಜವಾದ ಸರಾಸರಿಯೇ 60ನ್ನು ದಾಟಿದೆಯೋ, ಅಳೆದ ದಿನಗಳೇ ಅಕಸ್ಮಾತ್ತಾಗಿ ಕೆಟ್ಟವಾಗಿದ್ದವೋ? ಇದನ್ನು ಬಗೆಹರಿಸುವ ಲೆಕ್ಕವೇ ಟಿ-ಪರೀಕ್ಷೆ.

ಅದು ಹುಟ್ಟಿದ್ದು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ಕೆಲಸದಿಂದ. ವಿಲಿಯಂ ಸೀಲಿ ಗಾಸೆಟ್ ಅಲ್ಲಿ ಬಾರ್ಲಿಯನ್ನು ಪರೀಕ್ಷಿಸುತ್ತಿದ್ದ. ಅವನ ಕೈಗೆ ಸಿಗುತ್ತಿದ್ದ ಮಾದರಿಗಳು ಬೆರಳೆಣಿಕೆಯವು. ಆ ಕಾಲದ ಸೂತ್ರಗಳೋ ನೂರಾರು ಮಾದರಿಗಳನ್ನು ಬೇಡುತ್ತಿದ್ದವು. 1908ರಲ್ಲಿ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಅವನು ಸಣ್ಣ ಮಾದರಿಗಳ ಲೆಕ್ಕವನ್ನು ಪ್ರಕಟಿಸಿದ. ಅದರ ಕೋಷ್ಟಕ ನಾಲ್ಕರಿಂದ ಹತ್ತು ಮಾದರಿಗಳವರೆಗಿನದು. ಇಂದಿನ ರೂಪವನ್ನು ಅದಕ್ಕೆ ಕೊಟ್ಟವನು ಆರ್. ಎ. ಫಿಷರ್.

ಈಗ ಒಂದು ಕಲ್ಪಿತ ಲೆಕ್ಕ ಮಾಡೋಣ. ವರ್ಷದಲ್ಲಿ ಹರಡಿಕೊಂಡ 16 ದಿನ ಅಳೆದೆವು; ಸರಾಸರಿ 72, ದಿನಗಳ ನಡುವಿನ ಏರಿಳಿತವನ್ನು ಹೇಳುವ ಪ್ರಮಾಣಿತ ವಿಚಲನೆ 20 ಎನ್ನಿ. 16ರ ವರ್ಗಮೂಲ 4. ಇಪ್ಪತ್ತನ್ನು ನಾಲ್ಕರಿಂದ ಭಾಗಿಸಿದರೆ 5. ನಮ್ಮ ಸರಾಸರಿ ಬರೀ ಅದೃಷ್ಟದಿಂದ ಎಷ್ಟು ಅಲುಗಾಡಬಹುದು ಎಂಬುದರ ಅಳತೆ ಈ 5. ಮಿತಿಗಿಂತ ನಾವು ಮೇಲಿರುವುದು 12. ಹನ್ನೆರಡನ್ನು ಐದರಿಂದ ಭಾಗಿಸಿದರೆ 2.4, ಇದೇ ಟಿ. 16 ಅಳತೆಗಳಿಗೆ ಇಂದಿನ ಟಿ-ಕೋಷ್ಟಕ ಹೇಳುವ ಗೆರೆ 2.13. ನಿಜವಾದ ಸರಾಸರಿ 60 ಆಗಿದ್ದರೆ, ಮೇಲಕ್ಕಾಗಲಿ ಕೆಳಕ್ಕಾಗಲಿ ಇಷ್ಟು ದೂರ ಸರಿಯುವುದು ನೂರಕ್ಕೆ ಐದು ಸಲಕ್ಕಿಂತ ಕಡಿಮೆ. ಆದ್ದರಿಂದ ಮಿತಿ ಮೀರಿದೆ ಎನ್ನಲು ಆಧಾರವಿದೆ.

ಅದೇ 72, ಅದೇ ಏರಿಳಿತ, ಆದರೆ ನಾಲ್ಕೇ ದಿನದ ಅಳತೆಯಾಗಿದ್ದರೆ? ಅಲುಗಾಟ 10, ಟಿ ಬರೀ 1.2, ದಾಟಬೇಕಾದ ಗೆರೆ 3.18. ಏನನ್ನೂ ಸಾಬೀತು ಮಾಡಲಾಗದು. ಅಳತೆ ಸಾಲದು ಎಂಬುದಷ್ಟೇ ಇದರ ಅರ್ಥ, ಗಾಳಿ ಶುದ್ಧವಾಗಿದೆ ಎಂದಲ್ಲ. ಇವೆರಡನ್ನೂ ಒಂದೇ ಎಂದು ತೋರಿಸುವ ವರದಿಯನ್ನು ನಂಬಬಾರದು.

ನನ್ನ ಮಟ್ಟಿಗೆ ಹೌದು-ಅಲ್ಲ ಎಂಬ ಉತ್ತರಕ್ಕಿಂತ ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿಯೇ ಹೆಚ್ಚು ಉಪಯುಕ್ತ: ಅಳೆದ ಸರಾಸರಿಯ ಎರಡೂ ಬದಿಗೆ ಅಲುಗಾಟವನ್ನು ಕೋಷ್ಟಕದ ಗೆರೆಯಿಂದ ಗುಣಿಸಿದಷ್ಟು. ಮೇಲಿನ 16 ದಿನಗಳಿಂದ ಹೊರಡುವ ವ್ಯಾಪ್ತಿ ಸುಮಾರು 61ರಿಂದ 83. ಕೆಳತುದಿಯೂ 60ರ ಮೇಲಿದೆ. ಮೇಲ್ತುದಿಯೇ ನಿಜವಾಗಿದ್ದರೆ ಕಲ್ಯಾಣ-ಡೊಂಬಿವಲಿಯ ಮಕ್ಕಳ ಎದೆಗೂಡಿಗೆ ಅದು ಸಣ್ಣ ಸಂಗತಿಯಲ್ಲ.

ಸೂತ್ರಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಯಾವ ದಿನಗಳನ್ನು ಅಳೆದರು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಮಳೆ ಧೂಳನ್ನು ತೊಳೆದುಹಾಕುತ್ತದೆ. ಚಳಿಗಾಲದಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿ ಮೇಲೇಳದೆ ಹೊಗೆ ಅಲ್ಲೇ ನಿಲ್ಲುತ್ತದೆ. ಮಳೆಗಾಲದ ಅಳತೆಗಳನ್ನಷ್ಟೇ ಹಿಡಿದರೆ ಠಾಣೆ ನಗರವೂ ಹಳ್ಳಿಯಂತೆ ಕಾಣುತ್ತದೆ, ಜನವರಿಯನ್ನಷ್ಟೇ ಹಿಡಿದರೆ ಅನ್ಯಾಯ ಇನ್ನೊಂದು ಕಡೆಗೆ. ಸಾಲಾಗಿ 16 ದಿನ ಅಳೆಯುವುದೂ ತಪ್ಪು. ನಿನ್ನೆಯ ಹವೆ ಇಂದಿಗೂ ಮುಂದುವರಿಯುವುದರಿಂದ ಅವು 16 ಬಿಡಿ ಸಾಕ್ಷಿಗಳಾಗುವುದಿಲ್ಲ. ಟಿ ಸುಮ್ಮನೆ ಉಬ್ಬುತ್ತದೆ. ಯಂತ್ರವೇ ಪ್ರತಿದಿನ ಹತ್ತು ಹೆಚ್ಚು ತೋರಿಸುತ್ತಿದ್ದರೆ ಯಾವ ಪರೀಕ್ಷೆಯೂ ಅದನ್ನು ಹಿಡಿಯಲಾರದು.

2009ರ ಅಧಿಸೂಚನೆ ದಿನಗಳ ಆಯ್ಕೆಯ ಈ ತೊಡಕನ್ನು ಬಲ್ಲದು. ವಾರ್ಷಿಕ ಸರಾಸರಿಗೆ ವರ್ಷದಲ್ಲಿ ಕನಿಷ್ಠ 104 ಅಳತೆ, ವಾರಕ್ಕೆ ಎರಡು, ಸಮಾನ ಅಂತರದಲ್ಲಿ, ಪ್ರತಿ ಸಲ 24 ಗಂಟೆ ಎಂದು ಅದು ಕಟ್ಟು ಹಾಕಿದೆ. ಆಗ ಎಲ್ಲ ಋತುಗಳೂ ಲೆಕ್ಕಕ್ಕೆ ಬರುತ್ತವೆ, ಏರಿಳಿತ ಅದೇ 20 ಆಗಿದ್ದರೆ ಅಲುಗಾಟ ಎರಡರ ಆಸುಪಾಸಿಗೆ ಇಳಿಯುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನವಿ ಮುಂಬೈಯ ಹೆಸರು ಸೇರಿದ್ದೂ ಹಲವು ವರ್ಷಗಳ ಇಂಥ ಸರಾಸರಿಗಳ ಆಧಾರದ ಮೇಲೆಯೇ.

ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂಕಿಗಳು ಸಾರ್ವಜನಿಕವಾಗಿ ಸಿಗುತ್ತವೆ. ನಿಮ್ಮ ಬಡಾವಣೆಯ ಹತ್ತಿರದ ಕೇಂದ್ರದ ಅಂಕಿಗಳನ್ನು ತೆಗೆದು ನೋಡಿ. ಸರಾಸರಿಯನ್ನು ಓದುವ ಮೊದಲು ಎಷ್ಟು ದಿನ ಅಳೆದಿದ್ದಾರೆ, ಯಾವ ತಿಂಗಳುಗಳು ಖಾಲಿ ಬಿದ್ದಿವೆ ಎಂದು ಎಣಿಸಿ. 104ಕ್ಕೆ ಕಡಿಮೆಯಿದ್ದರೆ ಏಕೆ ಎಂದು ಮಂಡಳಿಗೆ ಪತ್ರ ಬರೆದು ಕೇಳಿ.