ಕಾಯಕದಲ್ಲಿ ಅಡಚಣೆಯ ಅಳತೆ

ಕಾರ್ಯದಕ್ಷತೆಯನ್ನು ಕುರಿತು ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಯಂತ್ರದ ವೇಗವನ್ನು ಮೊದಲು ಅಳೆಯುತ್ತಾರೆ. ಅಡಚಣೆ ಒದಗಿದಾಗ ಕೆಲಸ ಹೇಗೆ ಸಾಗಿತೆಂದು ಕೇಳುವವರು ವಿರಳ. ಈ ಪ್ರಶ್ನೆಗೆ ಸುದ್ದಗುಂಟೆಪಾಳ್ಯದ ಸಮೀಪದಲ್ಲಿರುವ ಬೆಂಗಳೂರು ಡೇರಿಯೇ ಉತ್ತಮ ಪಾಠಶಾಲೆ.

ಹಾಲು ಕಾದು ಕುಳಿತಿರುವ ಸರಕಲ್ಲ. ಹಳ್ಳಿಯ ಸಂಘಗಳಲ್ಲಿ ಬೆಳಿಗ್ಗೆ, ಸಂಜೆ ಅಳೆದುಕೊಂಡ ಹಾಲನ್ನು ಶೀಘ್ರವಾಗಿ ಸುಮಾರು 4 ಡಿಗ್ರಿಗೆ ತಣಿಸಬೇಕು. ಡೇರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಮತ್ತೆ ತಣಿಸಬೇಕು. ವಿದ್ಯುತ್ತು ಹೋದರೂ ಲಾರಿ ತಡವಾದರೂ ಈ ಸರಪಣಿ ಕಡಿಯುವಂತಿಲ್ಲ. 2020ರ ಮಾರ್ಚಿಯಲ್ಲಿ ಅಡಚಣೆ ಬಂದುದು ಮಾರಾಟದ ಕಡೆಯಿಂದ. ಲಾಕ್‌ಡೌನಿನಿಂದಾಗಿ ಹೋಟೆಲುಗಳು ಮುಚ್ಚಿದವು, ಬೇಡಿಕೆ ಕುಸಿಯಿತು. ಹಸುವಿನ ಕೆಚ್ಚಲಿಗೆ ರಜೆಯುಂಟೆ? ಏಪ್ರಿಲಿನಲ್ಲಿ ರಾಜ್ಯ ಸರ್ಕಾರ ಮಿಕ್ಕ ಹಾಲನ್ನು ಬಡವರಿಗೆ ಉಚಿತವಾಗಿ ಹಂಚಿಸಿತು. ಇನ್ನಷ್ಟು ಹಾಲು ಪುಡಿಯಾಯಿತು.

ಮಾಮೂಲು ದಿನದ ಲೆಕ್ಕದಲ್ಲಿ ಸುಮ್ಮನೆ ನಿಂತ ಜನರೇಟರೂ ಬಿಡುವಾಗಿರುವ ಪುಡಿಯಂತ್ರವೂ ದಂಡದ ಖರ್ಚಾಗಿಯೇ ಕಾಣುವುವು. ಆ ಲೆಕ್ಕವನ್ನು ನಾನು ಒಪ್ಪಲಾರೆ. ಡೇರಿ ಕೊಳ್ಳದೆ ಬಿಟ್ಟ ಪ್ರತಿ ಲೀಟರೂ ಒಂದು ರೈತ ಕುಟುಂಬದ ಅಂದಿನ ವರಮಾನವಷ್ಟೆ! ಸಂಶೋಧನೆಗೆ ಹೊರಡುವವರು ತಿಂಗಳ ಸರಾಸರಿಯೊಂದನ್ನೇ ನಂಬದೆ, ಟ್ಯಾಂಕರು ಗೇಟಿನಲ್ಲಿ ಕಾದ ನಿಮಿಷಗಳನ್ನೂ ಯಂತ್ರ ನಿಂತ ಹೊತ್ತನ್ನೂ ಅದರ ಕಾರಣವನ್ನೂ ರಾತ್ರಿ ಪಾಳಿಯ ಕೆಲಸಗಾರರಿಂದ ಕೇಳಿ ಬರೆದುಕೊಳ್ಳಲಿ.