ನರಶಬ್ದವೂ ನರರೋಗಗಳ ಹೆಸರುಗಳೂ

ಸಹ್ಯಾದ್ರಿಯ ತಪ್ಪಲಿನಲ್ಲಿರುವ ಕುಂದಾಪುರ ಸೀಮೆಯ ಅಮಾಸೆಬೈಲಿನಂತಹ ಗ್ರಾಮದಲ್ಲಿ ‘ನರ’ ಎಂಬ ಮಾತು ಎಷ್ಟು ಅರ್ಥಗಳಲ್ಲಿ ನಡೆಯುತ್ತದೆಂಬುದನ್ನು ಗಮನಿಸಿದರೆ ಪ್ರಕೃತ ವಿಷಯದ ತೊಡಕು ತಾನಾಗಿಯೇ ವಿಶದವಾಗುವುದು. ಬಹುಕಾಲ ನಿಂತು ದುಡಿದವರ ಕಾಲಿನಲ್ಲಿ ನೀಲಿಯಾಗಿ ಉಬ್ಬಿ ಗಂಟುಗಟ್ಟಿದ ರಕ್ತನಾಳವು ನರ. ಹೊರೆ ಹೊತ್ತು ಏರನ್ನು ಹತ್ತುವಾಗ ಹಿಮ್ಮಡಿಯ ಮೇಲೆ ಸೆಟೆದು ನಿಲ್ಲುವ ಕಂಡರವೂ ನರ. ಸೊಂಟದಿಂದ ಪಾದದವರೆಗೆ ನೋವನ್ನು ಹರಿಸುವುದೂ ನರ. ರಕ್ತನಾಳಕ್ಕೆ ಚುಚ್ಚುವ ಮದ್ದು ಜನರ ಬಾಯಲ್ಲಿ ‘ನರಕ್ಕೆ ಕೊಡುವ ಇಂಜೆಕ್ಷನ್’. ಇದು ಒಂದೂರಿನ ಮಾತಲ್ಲ, ಕನ್ನಡನಾಡಿನಲ್ಲೆಲ್ಲ ಕಾಣುವ ರೂಢಿ. ಪಾಠಪುಸ್ತಕದಲ್ಲಾದರೋ ನರವೆಂದರೆ ಒಂದೇ ಪದಾರ್ಥ: ಮಿದುಳು ಮತ್ತು ಬೆನ್ನುಹುರಿಗಳಿಂದ ಅಂಗಾಂಗಗಳಿಗೆ ಪ್ರೇರಣೆಯನ್ನು ಒಯ್ಯುವ, ಅಲ್ಲಿಂದ ಸ್ಪರ್ಶ ವೇದನೆಗಳನ್ನು ತರುವ ತಂತು. ಮನೆಯ ಮಾತಿಗೂ ಪಾಠದ ಮಾತಿಗೂ ಇರುವ ಈ ಅಂತರವು ರೋಗಗಳ ಹೆಸರುಗಳಲ್ಲಿ ಇನ್ನೂ ಹೆಚ್ಚು. ಅಲ್ಲಿ ಅದು ಪ್ರಾಣಕ್ಕೆ ಸಂಬಂಧಿಸಿದ್ದೂ ಹೌದು.

ಮೊದಲು ಶಬ್ದದ ಕುಲವನ್ನು ನೋಡಬೇಕು. ಈ ‘ನರ’ಕ್ಕೂ ಮನುಷ್ಯಾರ್ಥಕವಾದ ಸಂಸ್ಕೃತದ ‘ನರ’ಕ್ಕೂ ಯಾವ ನಂಟೂ ಇಲ್ಲ, ಉಚ್ಚಾರಣೆ ಮಾತ್ರ ಒಂದು. ತಮಿಳಿನ ‘ನರಂಬು’, ಮಲಯಾಳದ ‘ಞರಂಬು’, ತೆಲುಗಿನ ‘ನರಮು’, ತುಳುವಿನ ‘ನರ’ ಇವು ಇದರ ಒಡಹುಟ್ಟುಗಳು. ಇವುಗಳಲ್ಲಿಯೂ ಸ್ನಾಯು, ರಕ್ತನಾಳ, ತಂತು ಎಂಬ ಅರ್ಥಗಳು ಬೆರೆತೇ ಇವೆ. ತಮಿಳಿನಲ್ಲಿ ವೀಣೆಯ ತಂತಿಯೂ ನರಂಬೇ. ಇದನ್ನು ದ್ರಾವಿಡಭಾಷೆಗಳ ದಾರಿದ್ರ್ಯವೆಂದು ಬಗೆಯುವುದು ಸಲ್ಲದು. ಗ್ರೀಕರ ‘ನ್ಯೂರೋನ್’ ಎಂಬುದೂ ಮೊದಲಿಗೆ ಕಂಡರಕ್ಕೆ ಹಾಗೂ ಬಿಲ್ಲಿನ ಹೆದೆಗೆ ಸಂದ ಮಾತು. ಅದು ನಮ್ಮ ‘ಸ್ನಾವ’, ‘ಸ್ನಾಯು’ಗಳ ಬಂಧು. ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೆರೋಫಿಲಸ್ ಮತ್ತು ಎರಸಿಸ್ಟ್ರಾಟಸ್ ಎಂಬ ವೈದ್ಯರು ಶವಗಳನ್ನು ಛೇದಿಸಿ ನೋಡಿದ ಮೇಲೆಯೇ ಆ ಶಬ್ದವು ವೇದನೆಯನ್ನೂ ಚಲನೆಯನ್ನೂ ಒಯ್ಯುವ ತಂತುವಿಗೆ ಮೀಸಲಾಗತೊಡಗಿತು. ಕಣ್ಣಿಗೆ ಬಿಳಿಯ ದಾರದಂತೆ ತೋರುವುದೆಲ್ಲಕ್ಕೂ ಒಂದೇ ಹೆಸರಿಡುವುದು ಮಾನವನ ಸಹಜಪ್ರವೃತ್ತಿ. ಛೇದನದಿಂದ ಜ್ಞಾನವು ಬೆಳೆದಂತೆ ಹೆಸರು ಸಂಕುಚಿತವಾಗುತ್ತದೆ.

ಸಂಸ್ಕೃತದ ವೈದ್ಯಗ್ರಂಥಗಳಿಂದ ಬಂದ ಶಬ್ದಗಳಲ್ಲಿಯೂ ಎಚ್ಚರಿಕೆ ಬೇಕು. ಸುಶ್ರುತಸಂಹಿತೆಯ ಶಾರೀರಸ್ಥಾನವು ೭೦೦ ಸಿರೆಗಳನ್ನೂ, ೨೪ ಧಮನಿಗಳನ್ನೂ, ೯೦೦ ಸ್ನಾಯುಗಳನ್ನೂ, ೫೦೦ ಪೇಶಿಗಳನ್ನೂ ಎಣಿಸುತ್ತದೆ. ಹಲಗೆಗಳನ್ನು ಹಗ್ಗಗಳಿಂದ ಬಿಗಿದ ದೋಣಿಯು ನೀರಿನಲ್ಲಿ ಭಾರವನ್ನು ತಾಳುವಂತೆ, ಸ್ನಾಯುಗಳಿಂದ ಬಿಗಿದ ಸಂಧಿಗಳುಳ್ಳ ಶರೀರವೂ ಭಾರವನ್ನು ತಾಳುತ್ತದೆಂಬುದು ಅಲ್ಲಿಯ ಉಪಮಾನ. ಎಂದಮೇಲೆ ಸುಶ್ರುತನ ಸ್ನಾಯುವು ಕಟ್ಟುವ ಸಾಧನ. ಮಾಂಸವು ಅಲ್ಲಿ ಪೇಶಿ. ಇಂದಿನ ಕನ್ನಡ ಪಾಠಗಳಲ್ಲಿ ‘ಸ್ನಾಯು’ವೆಂದರೆ ಮಾಂಸಖಂಡವೇ ಆಗಿದೆ. ಈ ಅರ್ಥವನ್ನು ಹಿಡಿದು ಸುಶ್ರುತನನ್ನು ಓದುವ ವಿದ್ಯಾರ್ಥಿಗೆ ದೋಣಿಯ ಉಪಮಾನವೇ ಅಸಂಬದ್ಧವಾಗಿ ತೋರುವುದು. ‘ನಾಡಿ’ಯ ಕಥೆಯೂ ಇಂಥದೇ. ಟೊಳ್ಳಾದ ದಂಟು, ನಾಳ ಎಂಬುದು ಅದರ ಮೂಲಾರ್ಥ. ಯೋಗಶಾಸ್ತ್ರದಲ್ಲಿ ಅದು ಇಡಾ, ಪಿಂಗಲಾ, ಸುಷುಮ್ನಾ ಎಂಬ ಪ್ರಾಣಮಾರ್ಗಗಳಿಗೆ ಸಂದಿತು. ಶಾರ್ಙ್ಗಧರಸಂಹಿತೆಯ ಕಾಲದಿಂದೀಚೆಗೆ ಮಣಿಕಟ್ಟಿನ ಮಿಡಿತಕ್ಕೂ ಸಂದಿತು.

ನೆರೆಯ ಭಾಷೆಗಳು ಈ ಸಮಸ್ಯೆಯನ್ನು ಬೇರೆ ಬೇರೆಯಾಗಿ ಬಿಡಿಸಿಕೊಂಡಿವೆ. ತೆಲುಗರು ‘ನಾಡೀ ವ್ಯವಸ್ಥ’ ಎಂದರು, ಮಲಯಾಳಿಗರು ‘ನಾಡೀವ್ಯೂಹಂ’ ಎಂದರು. ಮರಾಠಿಗರು ಎಲುಬಿನೊಳಗಣ ಸಾರದ ಹೆಸರನ್ನು ತಂದು ‘ಮಜ್ಜಾಸಂಸ್ಥಾ’ ಎಂದರು. ಹಿಂದಿಯವರು ‘ತಂತ್ರಿಕಾ’ ಎಂಬ ಶಬ್ದವನ್ನು ನಿಲ್ಲಿಸಿದರು. ಕನ್ನಡವೂ ತಮಿಳೂ ಮಾತ್ರ ಮನೆಯ ಶಬ್ದವನ್ನೇ ಉಳಿಸಿಕೊಂಡುವು. ‘ನರಮಂಡಲ’, ‘ನರವ್ಯೂಹ’ ಎಂಬಿವು ಇಂದು ನೆಲೆನಿಂತ ಮಾತುಗಳು; ಬೆಂಗಳೂರಿನಲ್ಲಿ ೧೯೭೪ರಲ್ಲಿ ರೂಪುಗೊಂಡ ರಾಷ್ಟ್ರೀಯ ಸಂಸ್ಥೆಯ ಕನ್ನಡದ ಹೆಸರಿನಲ್ಲಿಯೂ ‘ನರವಿಜ್ಞಾನ’ವೇ ಇದೆ. ‘ನಾಡಿ’ಯನ್ನು ಬಿಟ್ಟುದರಿಂದ ಕನ್ನಡಕ್ಕೆ ನಷ್ಟವಿಲ್ಲ, ಏಕೆಂದರೆ ಅದು ಮಿಡಿತದ ಅರ್ಥದಲ್ಲಿ ಬೇರೂರಿದೆ. ‘ಬೆನ್ನುಹುರಿ’ಯಂತೂ ಅಚ್ಚಗನ್ನಡದ ಉತ್ತಮ ಸೃಷ್ಟಿ, ಹುರಿಯನ್ನು ಹೊಸೆದು ಬಲ್ಲ ಯಾವ ಹಳ್ಳಿಗನಿಗೂ ಅದು ವಿವರಣೆಯಿಲ್ಲದೆ ತಿಳಿಯುತ್ತದೆ.

ಇನ್ನು ರೋಗನಾಮಗಳ ವಿಚಾರ. ಶಾಸ್ತ್ರಜ್ಞರು ಶಬ್ದಗಳನ್ನು ಯೌಗಿಕ, ರೂಢ, ಯೋಗರೂಢ ಎಂದು ವಿಭಾಗಿಸುವುದು ಸರ್ವವಿದಿತ. ನರರೋಗಗಳ ಹೆಸರುಗಳಲ್ಲಿ ಬಹುಪಾಲು ಯೌಗಿಕಗಳು. ಆ ಯೋಗದಲ್ಲಿ ಎರಡು ಬಗೆಯ ಅಂಶಗಳಿರುತ್ತವೆ: ಒಂದು, ಕಣ್ಣಿಗೆ ಕಂಡ ಲಕ್ಷಣ, ಇನ್ನೊಂದು, ಬುದ್ಧಿಯಿಂದ ಊಹಿಸಿದ ನಿದಾನ. ಲಕ್ಷಣಾಂಶವು ಎರಡು ಸಾವಿರ ವರ್ಷಗಳಾದರೂ ಹಳತಾಗುವುದಿಲ್ಲ, ನಿದಾನಾಂಶವು ಹಳತಾಗುತ್ತದೆ. ಚರಕನು ಕೇವಲ ವಾತದಿಂದ ಹುಟ್ಟುವ ರೋಗಗಳನ್ನು ೮೦ ಎಂದು ಗಣಿಸಿದನು. ಇಂದು ನರರೋಗಗಳೆನಿಸಿದ ಅನೇಕವು ಅವುಗಳಲ್ಲಿವೆ. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ದಿಂದ ಮೊದಲ್ಗೊಂಡು ಕನ್ನಡದ ವೈದ್ಯವಾಙ್ಮಯವೂ ತ್ರಿದೋಷಸಿದ್ಧಾಂತದ ನೆಲೆಯಲ್ಲಿಯೇ ಬೆಳೆಯಿತು. ಆದುದರಿಂದ ವಾತ, ವಾಯು ಎಂಬ ಮಾತುಗಳು ನಮ್ಮ ರೋಗನಾಮಗಳಲ್ಲಿ ಹೆಣೆದುಕೊಂಡಿವೆ.

ದೇಹದ ಒಂದು ಮಗ್ಗುಲು ಬಿದ್ದುಹೋಗುವ ರೋಗವನ್ನು ಸುಶ್ರುತನು ‘ಪಕ್ಷಾಘಾತ’ವೆಂದೂ ಚರಕನು ‘ಪಕ್ಷವಧ’ವೆಂದೂ ಕರೆದರು. ಪಕ್ಷವೆಂದರೆ ಮಗ್ಗುಲು, ಆಘಾತವೆಂದರೆ ಪೆಟ್ಟು. ಈ ಹೆಸರಿನಲ್ಲಿ ನಿದಾನದ ಸೋಂಕೇ ಇಲ್ಲ. ಗ್ರೀಕರು ಇದನ್ನು ‘ಅಪೊಪ್ಲೆಕ್ಸಿಯ’ ಎಂದಾಗಲೂ ಪೆಟ್ಟಿನಿಂದ ಕೆಡೆದುದೆಂಬ ಭಾವವೇ ಇದ್ದಿತು. ಕನ್ನಡದಲ್ಲಿ ಪ್ರಚುರವಾದ ‘ಪಾರ್ಶ್ವವಾಯು’ವಾದರೋ ಲಕ್ಷಣದೊಡನೆ ನಿದಾನವನ್ನೂ ಹೊತ್ತಿದೆ. ಜನರಾಡುವ ‘ಲಕ್ವ’ ಅರಬ್ಬಿಯಿಂದ ಬಂದುದು. ಅಲ್ಲಿ ಅದು ಮುಖ ಸೊಟ್ಟಾಗುವ ರೋಗಕ್ಕೆ ಮಾತ್ರ ಹೆಸರು, ಇಲ್ಲಿ ಇಡೀ ಮಗ್ಗುಲಿಗೆ ಹಬ್ಬಿತು. ಸಂಸ್ಕೃತದ ‘ಅರ್ದಿತ’ಕ್ಕೂ ಇದೇ ಸಂದಿಗ್ಧತೆಯುಂಟು: ಸುಶ್ರುತನಲ್ಲಿ ಅದು ಮುಖಕ್ಕೆ ಸೀಮಿತ, ಚರಕನಲ್ಲಿ ಅರ್ಧಶರೀರವನ್ನೂ ವ್ಯಾಪಿಸಬಲ್ಲುದು.

ಇದು ಬರಿಯ ಶಬ್ದವಾದವಲ್ಲ. ಮಿದುಳಿನ ರಕ್ತನಾಳವು ಕಟ್ಟಿಕೊಂಡೋ ಒಡೆದೋ ಈ ಆಘಾತವುಂಟಾಗುತ್ತದೆ. ಎಡಮಿದುಳು ಕೆಟ್ಟರೆ ಬಲಮಗ್ಗುಲು ಬೀಳುತ್ತದೆ. ರಕ್ತದ ಗರಣೆಯನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ರೋಗ ತೋರಿದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಹೆಸರಿನಲ್ಲಿ ‘ವಾಯು’ವನ್ನು ಕೇಳಿದವನ ಮನಸ್ಸು ಸಹಜವಾಗಿ ವಾತಹರವಾದ ತೈಲದ ಕಡೆಗೆ ತಿರುಗುತ್ತದೆ. ಘಟ್ಟದ ಬುಡದ ಹಳ್ಳಿಯಿಂದ ಕುಂದಾಪುರಕ್ಕೋ ಮಣಿಪಾಲಕ್ಕೋ ಹೊರಡಬೇಕಾದ ರೋಗಿಯು ಎಣ್ಣೆ ಕಾಯಿಸುವಷ್ಟರಲ್ಲಿ ಆ ಹೊತ್ತನ್ನು ಕಳೆದುಕೊಂಡರೆ, ಒಂದು ಶಬ್ದದ ಅವಯವಾರ್ಥವೇ ಅವನ ಕೈಕಾಲುಗಳನ್ನು ಕಳೆದಂತಾಗುವುದು.

‘ಧನುರ್ವಾತ’ವೂ ಇದೇ ಜಾತಿಯದು. ಬೆನ್ನು ಬಿಲ್ಲಿನಂತೆ ಬಾಗುವುದೆಂಬ ಲಕ್ಷಣವು ಕಣ್ಣಾರೆ ಕಂಡ ಸತ್ಯ, ‘ವಾತ’ವು ಊಹೆ. ೧೮೮೯ರಲ್ಲಿ ಜಪಾನಿನ ಕಿಟಸಾಟೊ ಶಿಬಸಬುರೊ ಇದರ ರೋಗಾಣುವನ್ನು ಶುದ್ಧರೂಪದಲ್ಲಿ ಬೆಳೆಸಿ ತೋರಿಸಿದನು. ಗಾಯದಲ್ಲಿ ಹುಟ್ಟಿದ ವಿಷವು ನರಗಳ ಮೂಲಕವೇ ಬೆನ್ನುಹುರಿಯನ್ನು ಸೇರುತ್ತದೆ. ಚುಚ್ಚುಮದ್ದಿನಿಂದಲೂ ಶುಚಿಯಾದ ಹೆರಿಗೆಯಿಂದಲೂ ಬಾಣಂತಿಯರ ಮತ್ತು ನವಜಾತಶಿಶುಗಳ ಧನುರ್ವಾತವು ಭಾರತದಲ್ಲಿ ನಿವಾರಣೆಯ ಮಟ್ಟಕ್ಕೆ ಇಳಿಯಿತೆಂದು ೨೦೧೫ರಲ್ಲಿ ಘೋಷಿತವಾಯಿತು.

‘ಗೃಧ್ರಸಿ’ಯಲ್ಲಿ ಹದ್ದಿನ ನಡಿಗೆ ಮಾತ್ರ ಉಂಟು, ವಾತದ ಹೆಸರಿಲ್ಲ. ಆದರೂ ಸುಶ್ರುತನು ಅದನ್ನು ವಿವರಿಸುವಾಗ ಹಿಮ್ಮಡಿಯ ಮತ್ತು ಕಾಲ್ಬೆರಳುಗಳ ಕಂಡರಗಳನ್ನು ವಾತವು ಪೀಡಿಸುವುದೆನ್ನುತ್ತಾನೆ. ಇಂದು ಅದು ನರದ ವ್ಯಾಧಿಯೆಂದು ಸಿದ್ಧವಾಗಿದೆ. ಹೆಸರು ಉಳಿಯಿತು, ನಿದಾನ ಬದಲಾಯಿತು.

‘ಅಪಸ್ಮಾರ’ವು ಇನ್ನೂ ಸ್ವಾರಸ್ಯವುಳ್ಳದ್ದು. ಸ್ಮೃತಿಯ ಅಪಗಮವೇ ಅಪಸ್ಮಾರ. ಅಮಾವಾಸ್ಯೆಗೆ ತದ್ಭವವಾದ ‘ಅಮಾಸೆ’ಗೂ ಈ ರೋಗಕ್ಕೂ ಜನಮನದಲ್ಲಿ ಗಂಟುಬಿದ್ದಿದೆ, ಅಮಾಸೆ ಹುಣ್ಣಿಮೆಗಳಲ್ಲಿ ಇದು ಕೆರಳುವುದೆಂದೂ ಗ್ರಹಚೇಷ್ಟೆಯೆಂದೂ ನಂಬಿಕೆ. ಗ್ರೀಕರಲ್ಲಿಯೂ ಇಂಥ ರೋಗಿಯನ್ನು ಚಂದ್ರಪೀಡಿತನೆಂದು ಕರೆದುದುಂಟು. ಚರಕನಾದರೋ ಹದಿನೈದು ದಿನಗಳಿಗೋ ಹನ್ನೆರಡು ದಿನಗಳಿಗೋ ತಿಂಗಳಿಗೋ ಇದು ಮರುಕಳಿಸುವುದೆಂದು ಹೇಳಿ, ಕಾರಣವನ್ನು ಕುಪಿತವಾದ ದೋಷಗಳಲ್ಲಿ ಹುಡುಕಿದನು. ಅವನ ನಿದಾನವು ಇಂದು ನಿಲ್ಲದಿದ್ದರೂ, ದೇಹದೊಳಗೇ ಕಾರಣವನ್ನು ಹುಡುಕಿದ ದೃಷ್ಟಿ ನಿಲ್ಲುತ್ತದೆ. ೧೯೨೯ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮಾನವನ ಮಿದುಳಿನ ವಿದ್ಯುತ್ತರಂಗಗಳ ಲೇಖನವನ್ನು ಪ್ರಕಟಿಸಿದ ಮೇಲೆ, ಈ ಸೆಳೆತವು ಆ ತರಂಗಗಳ ಅಕಾಲಿಕ ಕ್ಷೋಭೆಯೆಂಬುದು ಪ್ರತ್ಯಕ್ಷವಾಯಿತು. ರೋಗಿಯ ಕೈಯಲ್ಲಿ ಕಬ್ಬಿಣವನ್ನಿಡುವುದು ವ್ಯರ್ಥ. ಮಗ್ಗುಲಾಗಿ ಮಲಗಿಸಿ ಉಸಿರಾಟಕ್ಕೆ ತಡೆಯಾಗದಂತೆ ನೋಡಿಕೊಳ್ಳುವುದೇ ಉಚಿತ.

ಹಳೆಯ ನಿದಾನವು ಜಾರಿತೆಂದು ಹಳೆಯ ಅನುಭವವೆಲ್ಲ ಹುಸಿಯೆಂದು ತಿಳಿಯತಕ್ಕದ್ದಲ್ಲ. ‘ಕಂಪವಾತ’ವೆಂಬ ಹೆಸರಿನಲ್ಲಿ ಕಂಪವು ಲಕ್ಷಣ, ೧೮೧೭ರಲ್ಲಿ ಇಂಗ್ಲೆಂಡಿನ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ವ್ಯಾಧಿಗೆ ಕನ್ನಡದಲ್ಲಿ ಇದು ಸಲ್ಲುತ್ತದೆ. ನಿಘಂಟುಕಾರರು ವಾತಶಾಮಕವೆಂದ ನಸುಗುನ್ನಿಯ ಬೀಜದಲ್ಲಿ, ಈ ವ್ಯಾಧಿಗೆ ಇಂದು ಕೊಡುವ ಲೆವೊಡೋಪ ಎಂಬ ದ್ರವ್ಯವೇ ಇದೆ.

ಹಾಗಾದರೆ ‘ಪಾರ್ಶ್ವವಾಯು’, ‘ಧನುರ್ವಾತ’ಗಳನ್ನು ಭಾಷೆಯಿಂದ ತೆಗೆದುಹಾಕಬೇಕೆ? ಅದು ಆಗುವ ಕೆಲಸವೂ ಅಲ್ಲ, ಬೇಕಾದುದೂ ಅಲ್ಲ. ಪಂಕದಲ್ಲಿ ಹುಟ್ಟಿದುದೆಲ್ಲ ಪಂಕಜವಲ್ಲದಿದ್ದರೂ ಪಂಕಜಶಬ್ದವು ತಾವರೆಗೆ ಸಲ್ಲುತ್ತದೆ. ಅಂತೆಯೇ ಈ ನಾಮಗಳ ವಾತಾಂಶವನ್ನು ರೂಢಿಯೆಂದು ಗ್ರಹಿಸಿ, ಲಕ್ಷಣಾಂಶವನ್ನು ಮಾತ್ರ ಯೋಗಾರ್ಥದಿಂದ ಬೋಧಿಸಬೇಕು. ಎರಡು ಹೆಸರುಗಳಿರುವಲ್ಲಿ, ಪಕ್ಷಾಘಾತ ಪಾರ್ಶ್ವವಾಯುಗಳಂತೆ, ಲಕ್ಷಣವನ್ನಷ್ಟೇ ಹೇಳುವುದು ಪಾಠಕ್ಕೆ ಮೇಲು. ಜನರು ಬಲ್ಲ ಹೆಸರನ್ನೂ ಬಳಿಯಲ್ಲಿಯೇ ಹೇಳಬೇಕು. ‘ನರ’ವನ್ನು ಕಲಿಸುವಾಗ ರಕ್ತವನ್ನು ಒಯ್ಯುವುದು ನಾಳ, ಎಲುಬಿಗೆ ಮಾಂಸವನ್ನು ಕಟ್ಟುವುದು ಕಂಡರ, ಸುದ್ದಿಯನ್ನು ಒಯ್ಯುವುದು ನರ ಎಂಬ ಮೂರು ಮಾತುಗಳನ್ನು ಸೇರಿಸಿದರೆ ಸಾಕು.

ಇದೇ ಸೀಮೆಯ ಕೋಟದ ಶಿವರಾಮ ಕಾರಂತರು ೧೯೩೬ರ ‘ಬಾಲಪ್ರಪಂಚ’ದಲ್ಲಿಯೂ ಮುಂದೆ ‘ವಿಜ್ಞಾನ ಪ್ರಪಂಚ’ದಲ್ಲಿಯೂ ಶಾಸ್ತ್ರವಿಷಯಗಳನ್ನು ಕನ್ನಡಿಗರ ಮನೆಗೆ ತಂದರು. ಆ ಕೆಲಸದ ಮುಂದಿನ ಭಾಗವು ಪಂಡಿತರದೂ ಅಧ್ಯಾಪಕರದೂ ಆಗಿದೆ. ಶಬ್ದದ ಹಳೆಯ ಅರ್ಥವನ್ನೂ ಹೊಸ ಅರ್ಥವನ್ನೂ ಬಲ್ಲವನು ತರಗತಿಯಲ್ಲಿ ಎರಡನ್ನೂ ಬಿಡಿಸಿ ಹೇಳಿದರೆ, ಆ ತರಗತಿಯಿಂದ ಮನೆಗೆ ಮರಳುವ ಬಾಲಕನು ಅಜ್ಜನ ಬಾಯಿ ಸೊಟ್ಟಾದ ದಿನ ಎಣ್ಣೆಯನ್ನರಸದೆ ವಾಹನವನ್ನರಸುವನು.