ನಾಳಿನ ಬಿತ್ತನೆ ಬೀಜ ಯಾರ ಕೈಯಲ್ಲಿ?

ಮುಂಗಾರು ಸಮೀಪಿಸಿದಂತೆ ಮಂಡ್ಯ, ಮದ್ದೂರು, ಮಳವಳ್ಳಿಯ ಅಂಗಡಿಗಳಲ್ಲಿ ಭತ್ತದ ಬೀಜದ ಚೀಲಗಳು ಪೈಪೋಟಿಗೆ ನಿಲ್ಲುತ್ತವೆ. ಕೊಳ್ಳುವ ಮುನ್ನ ರೈತರು ಕೇಳಬೇಕಾದ ಮೊದಲ ಪ್ರಶ್ನೆ: ಇದು ಸಾಮಾನ್ಯ ತಳಿಯೋ, ಸಂಕರಣ ತಳಿಯೋ?

ಸಂಕರಣ ಭತ್ತ ನಮಗೆ ಹೊಸದಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ರೂಪುಗೊಂಡ ಕೆ.ಆರ್.ಎಚ್-2 ತಳಿಯನ್ನು 1996ರಲ್ಲಿ ಬಿಡುಗಡೆ ಮಾಡಲಾಯಿತು. ಇಂತಹ ಬೀಜ ಎಕರೆಗೆ ಸುಮಾರು 6 ಕಿಲೋ ಸಾಕು. ಆದರೆ ಬೆಳೆದ ಕಾಳನ್ನೇ ಮರಳಿ ಬಿತ್ತಿದರೆ ಗುಣಗಳು ಒಡೆದು, ಪೈರು ಏರುಪೇರಾಗಿ, ಇಳುವರಿ ಕುಗ್ಗುತ್ತದೆ. ಪ್ರತಿ ಬೆಳೆಗೂ ಹೊಸ ಬೀಜ ಕೊಳ್ಳಬೇಕು. ಖಾಸಗಿ ಕಂಪನಿಗಳ ಆಸಕ್ತಿಗೆ ಇದೇ ಮುಖ್ಯ ಕಾರಣ.

ಈಗ ಕ್ರಿಸ್ಪರ್ ಎಂಬ, ವಂಶವಾಹಿಯನ್ನು ಬೇಕಾದಲ್ಲಿ ಮಾತ್ರ ತಿದ್ದುವ ತಂತ್ರ ಬಂದಿದೆ. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಸಾಂಬಾ ಮಸೂರಿಯಿಂದ ಹೀಗೆ ರೂಪಿಸಿದ ಕಮಲಾ ತಳಿಯನ್ನು 2025ರ ಮೇ ತಿಂಗಳಲ್ಲಿ ಪ್ರಕಟಿಸಲಾಯಿತು. ಇದು ಸಂಕರಣವಲ್ಲ, ಮರಳಿ ಬಿತ್ತಿದರೆ ಗುಣ ಒಡೆಯುವುದಿಲ್ಲ. ಆದರೆ ತಂತ್ರದ ಹಕ್ಕುಸ್ವಾಮ್ಯಕ್ಕಾಗಿ ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ ಮತ್ತು ಬ್ರಾಡ್ ಸಂಸ್ಥೆ ವರ್ಷಗಟ್ಟಲೆ ವ್ಯಾಜ್ಯ ಹೂಡಿವೆ. ಕೃಷಿ ಬಳಕೆಯ ಪರವಾನಗಿಗಳನ್ನು ಕಾರ್ಟೀವಾದಂತಹ ಕಂಪನಿಗಳು ಪಡೆದಿವೆ. ಉಪಕರಣದ ಒಡೆತನ ಬೀಜದ ಬೆಲೆಯನ್ನೂ ತಟ್ಟಬಹುದು.

ನಮ್ಮ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ರೈತನು ತಾನು ಬೆಳೆದ ಬೀಜವನ್ನು ಉಳಿಸಿ, ಬಿತ್ತಿ, ಹಂಚಿ, ಮಾರಬಹುದು. ಬ್ರ್ಯಾಂಡಿನ ಹೆಸರಿನಲ್ಲಿ ಮಾತ್ರ ಮಾರುವಂತಿಲ್ಲ. ಹಕ್ಕು ಬಳಸಿದರೆ ಉಳಿಯುತ್ತದೆ. ಆದ್ದರಿಂದ ಸಂಕರಣ ಭತ್ತ ನಾಟಿ ಮಾಡುವವರೂ ಒಂದು ಗದ್ದೆಯಲ್ಲಿ ಸಾಮಾನ್ಯ ತಳಿ ಬೆಳೆಯಿರಿ. ಬೆರಕೆ ಪೈರು ಕಿತ್ತು, ಬೇರೆಯಾಗಿ ಒಕ್ಕಣೆ ಮಾಡಿ, ತೇವಾಂಶ ಶೇ. 13ಕ್ಕೆ ಇಳಿಯುವಂತೆ ಒಣಗಿಸಿ ಬೀಜವಾಗಿ ಇಡಿ. ಕೊಂಡ ಬೀಜದ ರಸೀದಿ, ಚೀಲದ ಚೀಟಿಗಳನ್ನು ಕೊಯ್ಲಿನವರೆಗೂ ಜೋಪಾನ ಮಾಡಿ.